ಸೊಳ್ಳೆ ಕಾಣದ ಉಪಗ್ರಹ

ಧ್ರುವ ಕಕ್ಷೆಯ ಹವಾಮಾನ ಉಪಗ್ರಹಗಳು ಸುಮಾರು 850 ಕಿಲೋಮೀಟರ್ ಎತ್ತರದಿಂದ ಭೂಮಿಯನ್ನು ನೋಡುತ್ತವೆ. ಅಲ್ಲಿಂದ ಸೊಳ್ಳೆ ಕಾಣುವ ಮಾತಿಲ್ಲ. ಕಾಣುವುದು ಅದು ಹುಟ್ಟುವ ನೆಲದ ಹಸಿರು, ಪಸೆ, ಬಿಸಿ. ಸೊಳ್ಳೆಯಿಂದ ಹರಡುವ ರೋಗಗಳ ಮೇಲೆ ದೂರಸಂವೇದಿ ತಂತ್ರದಿಂದ ಕಣ್ಣಿಡುವ ಕೆಲಸವೆಲ್ಲ ಈ ಸುತ್ತುಬಳಸಿನ ನೋಟವನ್ನೇ ನಂಬಿದೆ. ಅದು ಎಲ್ಲಕ್ಕಿಂತ ಚೆನ್ನಾಗಿ ಕೈಹಿಡಿದಿರುವುದು ಪೂರ್ವ ಆಫ್ರಿಕದ ರಿಫ್ಟ್ ಕಣಿವೆ ಜ್ವರದಲ್ಲಿ.

ಈ ಜ್ವರದ ವೈರಸ್ 1930ರ ದಶಕದ ಆರಂಭದಲ್ಲಿ ಕೀನ್ಯಾದ ನೈವಾಶಾ ಸರೋವರದ ಬಳಿಯ ಕುರಿಗಳಲ್ಲಿ ಪತ್ತೆಯಾಯಿತು. ರೋಗ ಹೊಕ್ಕ ಹಿಂಡಿನಲ್ಲಿ ಗಬ್ಬದ ಕುರಿಗಳು ಒಂದರ ಹಿಂದೊಂದು ಕಂದು ಹಾಕುತ್ತವೆ, ಎಳೆಮರಿಗಳು ಸಾಯುತ್ತವೆ. ಸೊಳ್ಳೆ ಕಡಿತದಿಂದಷ್ಟೇ ಅಲ್ಲ, ಸೋಂಕಿತ ಪ್ರಾಣಿಯ ರಕ್ತ, ಮಾಂಸ ಮುಟ್ಟಿದರೂ ಮನುಷ್ಯರಿಗೆ ಜ್ವರ ತಗಲುತ್ತದೆ. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಕೆಲವರು ರಕ್ತಸ್ರಾವದಿಂದ ಸಾಯುತ್ತಾರೆ.

ಒಮ್ಮೆ ಬಂದುಹೋದ ಮೇಲೆ ವರ್ಷಗಟ್ಟಲೆ ಸುಳಿವಿಲ್ಲದ ರೋಗ ಇದು. ಆ ನಡುವೆ ವೈರಸ್ ಎಲ್ಲಿರುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 'ದಾಂಬೊ' ಎಂಬ ಹುಲ್ಲು ಬೆಳೆದ ತಗ್ಗುಗಳಲ್ಲಿ. ಈಡಿಸ್ ಜಾತಿಯ ಕೆಲವು ಸೊಳ್ಳೆಗಳು ಅಲ್ಲಿನ ಹಸಿ ಮಣ್ಣಿಗೆ ಮೊಟ್ಟೆ ಇಡುತ್ತವೆ. ಮಣ್ಣು ಒಣಗಿದರೂ ಮೊಟ್ಟೆ ವರ್ಷಗಟ್ಟಲೆ ಬದುಕಿರುತ್ತದೆ. ತಗ್ಗು ನೀರಿನಲ್ಲಿ ಮುಳುಗಿದಾಗ ಒಡೆಯುತ್ತದೆ. 1980ರ ದಶಕದಲ್ಲಿ ಕೀಟವಿಜ್ಞಾನಿ ಕೆನೆತ್ ಲಿಂಥಿಕಮ್ ಮತ್ತು ಸಂಗಡಿಗರು ಇಂಥ ತಗ್ಗಿನಿಂದ ಲಾರ್ವಾಗಳನ್ನು ತಂದು ಬೆಳೆಸಿದಾಗ ಗಂಡು ಸೊಳ್ಳೆಗಳಲ್ಲೂ ವೈರಸ್ ಸಿಕ್ಕಿತು. ಗಂಡು ಸೊಳ್ಳೆ ರಕ್ತ ಹೀರುವುದೇ ಇಲ್ಲ. ಅಂದರೆ ಸೋಂಕು ತಾಯಿಯಿಂದ ಮೊಟ್ಟೆಯ ಮೂಲಕವೇ ಬಂದಿತ್ತು. ಈಡಿಸ್ ಹೊತ್ತಿಸಿದ ಕಿಡಿಯನ್ನು, ಅದೇ ನಿಂತ ನೀರಿನಲ್ಲಿ ತಡವಾಗಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಗಳು ಹಿಂಡಿನಿಂದ ಹಿಂಡಿಗೆ ಹಬ್ಬಿಸುತ್ತವೆ.

ಹೀಗಾಗಿ ಅಸಾಧಾರಣ ಮಳೆಯನ್ನು ಬೇಗ ಗುರುತಿಸಿದರೆ ರೋಗವನ್ನೂ ಬೇಗ ಊಹಿಸಬಹುದು. ಆ ಮಳೆಯ ಗುರುತು ನೆಲದ ಹಸಿರಿನಲ್ಲಿ ಕಾಣುತ್ತದೆ. ಹಸಿರೆಲೆ ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಉಪಗ್ರಹ ಅಳೆದ ಈ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸಿಗುವುದು ಸಸ್ಯ ಸೂಚ್ಯಂಕ. ಬರಡು ನೆಲದಲ್ಲಿ ಅದು ಸೊನ್ನೆಯ ಹತ್ತಿರ, ದಟ್ಟ ಕಾಡಿನಲ್ಲಿ 0.8ರ ಆಸುಪಾಸು. ಮೋಡ ಕವಿದರೆ ಸೂಚ್ಯಂಕ ಕುಸಿಯುವುದರಿಂದ ಹಲವು ದಿನಗಳ ಚಿತ್ರಗಳಲ್ಲಿ ಪ್ರತಿ ಚೌಕದ ಅತಿ ಹೆಚ್ಚಿನ ಬೆಲೆಯನ್ನಷ್ಟೇ ಆಯ್ದು ನಕ್ಷೆ ಹೆಣೆಯುತ್ತಾರೆ. ಸರಳ ಉಪಾಯ, ಆದರೆ ಮಳೆಗಾಲದಲ್ಲಿ ಅದಿಲ್ಲದೆ ಏನೂ ನಡೆಯದು. ಒಣ ಸೀಮೆಯೊಂದು ವಾಡಿಕೆಗಿಂತ ಹೆಚ್ಚು ಹಸಿರಾಗಿ ತಿಂಗಳುಗಟ್ಟಲೆ ಹಾಗೇ ಉಳಿದರೆ ಅದು ಅಪಾಯದ ಸೂಚನೆ.

1997–98ರ ಎಲ್ ನಿನೊ ಮಳೆಯ ಬೆನ್ನಿಗೆ ಕೀನ್ಯಾ, ಸೊಮಾಲಿಯಾಗಳಲ್ಲಿ ಜ್ವರ ಭೀಕರವಾಗಿ ಹರಡಿತು. ಹಳೆಯ ದಾಖಲೆಗಳನ್ನು ಕೆದಕಿದ ಲಿಂಥಿಕಮ್, ಅಸಾಫ್ ಅನ್ಯಾಂಬಾ ಮತ್ತಿತರರು 1999ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಪ್ರಕಾರ, ಪೆಸಿಫಿಕ್ ಮತ್ತು ಪಶ್ಚಿಮ ಹಿಂದೂ ಮಹಾಸಾಗರಗಳ ಮೇಲ್ಮೈ ಉಷ್ಣತೆಯನ್ನು ಸಸ್ಯ ಸೂಚ್ಯಂಕದೊಂದಿಗೆ ಕೂಡಿಸಿ ನೋಡಿದರೆ ಐದು ತಿಂಗಳವರೆಗೂ ಮುಂಚೆಯೇ ಸುಳಿವು ಸಿಗಬಹುದು.

2006ರಲ್ಲಿ ಅದು ಪರೀಕ್ಷೆಗೆ ಒಳಗಾಯಿತು. ಸೆಪ್ಟೆಂಬರಿನಿಂದಲೇ ಮುನ್ಸೂಚನೆಗಳು ಹೊರಟವು. ಡಿಸೆಂಬರಿನಲ್ಲಿ ಈಶಾನ್ಯ ಕೀನ್ಯಾದ ಗರಿಸ್ಸಾದಲ್ಲಿ ರೋಗಿಗಳು ಕಾಣಿಸಿಕೊಂಡರು. ಊಹೆ ಗೆದ್ದಿತು, ಆಡಳಿತ ಎಡವಿತು. ಜಾನುವಾರುಗಳಿಗೆ ಲಸಿಕೆ ಹಾಕುವ ಕೆಲಸ ಶುರುವಾಗುವಷ್ಟರಲ್ಲಿ ಜನವರಿ ಬಂದಿತ್ತು. ಕೀನ್ಯಾದಲ್ಲಿ ವರದಿಯಾದ 684 ಪ್ರಕರಣಗಳಲ್ಲಿ 155 ಮಂದಿ ತೀರಿಕೊಂಡರು. ಮುಂದೆ ಆ ಸೀಮೆಯ ಸೊಮಾಲಿ ದನಗಾಹಿಗಳನ್ನು ಕೇಳಿ ತಿಳಿದಂತೆ, ಜಡಿಮಳೆ ಹಿಡಿದು ಸರಾಸರಿ 24 ದಿನಕ್ಕೆ ಸೊಳ್ಳೆಯ ಹಿಂಡು ಎದ್ದಿತ್ತು; ಅದಾಗಿ 17 ದಿನಕ್ಕೆ ಜಾನುವಾರು ಕಾಯಿಲೆ ಬಿದ್ದಿದ್ದವು; ಇನ್ನೂ 17–18 ದಿನಕ್ಕೆ ಮನುಷ್ಯರು. ದನಗಾಹಿಗಳ ಈ ಲೆಕ್ಕ ಯಾವ ನಕ್ಷೆಗೂ ಕಡಿಮೆಯದಲ್ಲ. ಅದನ್ನು ಯಾರಾದರೂ ಆಗಲೇ ಕೇಳಬಹುದಿತ್ತು.

ಎಲ್ಲ ಸೊಳ್ಳೆಗೂ ಈ ವಿಧಾನ ಒಗ್ಗದು. ಡೆಂಗಿ ಹರಡುವ ಈಡಿಸ್ ಈಜಿಪ್ಟೈಗೆ ಮುಚ್ಚಳವಿಲ್ಲದ ಡ್ರಮ್ಮು, ಹಳೆ ಟೈರು, ಹೂಕುಂಡದ ತಟ್ಟೆ ಸಾಕು. ಬರಗಾಲದಲ್ಲಿ ಜನ ಮನೆಯೊಳಗೆ ನೀರು ಕೂಡಿಟ್ಟರೆ ಅದು ಹೆಚ್ಚುವುದೂ ಉಂಟು. ಚೌಕವೊಂದಕ್ಕೆ 10 ಮೀಟರ್ ಸೂಕ್ಷ್ಮತೆಯ ಸೆಂಟಿನೆಲ್-2 ಉಪಗ್ರಹಕ್ಕೂ ಇಂಥ ಡ್ರಮ್ಮು, ಟೈರುಗಳು ಸಿಕ್ಕುವುದಿಲ್ಲ. ಆ ಪತ್ತೆಗೆ ಮನೆಮನೆಯ ಲಾರ್ವಾ ಸಮೀಕ್ಷೆಯೇ ಗತಿ.

ಜಪಾನೀಸ್ ಮಿದುಳು ಜ್ವರದ ಕಥೆ ಬೇರೆ. ಅದನ್ನು ಹರಡುವ ಕ್ಯೂಲೆಕ್ಸ್ ಬೆಳೆಯುವುದು ನೀರು ನಿಂತ ಭತ್ತದ ಗದ್ದೆಯಲ್ಲಿ. ಮೋಡದ ಮರೆಯಲ್ಲೂ ನೋಡಬಲ್ಲ ರಾಡಾರ್ ಉಪಗ್ರಹಗಳು ಗದ್ದೆಗೆ ನೀರು ಕಟ್ಟಿದ್ದನ್ನೂ ಪೈರು ಮೇಲೆದ್ದದ್ದನ್ನೂ ಗುರುತಿಸುತ್ತವೆ. ಮಂಡ್ಯ, ಬಳ್ಳಾರಿಯಂಥ ನೀರಾವರಿ ಜಿಲ್ಲೆಗಳಿಗೆ ಇದು ಉಪಯುಕ್ತ. ಆದರೆ ವೈರಸ್ ಬೆಳೆಯುವುದು ಹಂದಿಗಳಲ್ಲಿ, ಕೊಕ್ಕರೆ ಜಾತಿಯ ಹಕ್ಕಿಗಳಲ್ಲಿ. ಗದ್ದೆಯ ನಕ್ಷೆಯ ಮೇಲೆ ಹಂದಿ ಸಾಕುವ ಕೇರಿಗಳನ್ನೂ ಗುರುತು ಹಾಕಬೇಕಾಗುತ್ತದೆ. ಆ ಮಾಹಿತಿ ಬರಬೇಕಾದದ್ದು ಪಶುಸಂಗೋಪನೆ ಇಲಾಖೆಯ ಜಾನುವಾರು ಗಣತಿಯಿಂದ.