ಬ್ಯಾಗಿನಲ್ಲೊಂದು ಪುಟ್ಟ ಚಾಕು

ನಮ್ಮಮ್ಮಂದಿರ ಬಳೆಗಳನ್ನ ಒಮ್ಮೆ ಗಮನವಿಟ್ಟು ನೋಡಿ. ಗಾಜಿನ ಬಳೆ, ಚಿನ್ನದ ಬಳೆಗಳ ಮಧ್ಯೆ ಎಲ್ಲೋ ಎರಡು ಪಿನ್ನು ನೇತಾಡ್ತಾ ಇರುತ್ತೆ. ಸೆರಗು ಜಾರಿದ್ರೆ ಒಂದು, ಚಪ್ಪಲಿ ಬಾರು ಕಿತ್ತು ಬಂದ್ರೆ ಇನ್ನೊಂದು. ಮದುವೆಮನೆಯಲ್ಲಿ "ಯಾರ ಹತ್ರಾದ್ರೂ ಪಿನ್ನಿದ್ಯಾ?" ಅಂತ ಕೂಗು ಎದ್ದರೆ ನಾಲ್ಕು ಕೈ ಒಟ್ಟಿಗೇ ಮುಂದೆ ಬರುತ್ತೆ. ಅಜ್ಜಿಯ ಎಲೆಅಡಿಕೆ ಸಂಚಿಯಲ್ಲಿ ಅಡಕತ್ತರಿ ಇರ್ತಿತ್ತು. ತೋಟಕ್ಕೆ ಹೊರಟ ಮಾವನ ಸೊಂಟದಲ್ಲಿ ಕತ್ತಿ ಇರ್ತಿತ್ತು. ಈಗ ಯೂಟ್ಯೂಬಿನಲ್ಲಿ ಇದಕ್ಕೇ 'ಎವ್ರಿಡೇ ಕ್ಯಾರಿ' ಅಂತ ಹೆಸರಿಟ್ಟು, ಕಪ್ಪು ಬಟ್ಟೆ ಮೇಲೆ ಜೋಡಿಸಿ ವಿಡಿಯೋ ಮಾಡ್ತಾರೆ. ಅಮ್ಮನಿಗೆ ತೋರಿಸಿದೆ. "ಇದರಲ್ಲೇನು ವಿಶೇಷ?" ಅಂದ್ರು.

ನನ್ನ ಬ್ಯಾಗಿನಲ್ಲಿರೋದು ಒಂದು ಕೆಂಪು ಸ್ವಿಸ್ ಚಾಕು. ಮಡಚಿದಾಗ 91 ಮಿಲಿಮೀಟರ್, ಅಂದ್ರೆ ನನ್ನ ಅಂಗೈ ಅಗಲಕ್ಕಿಂತ ಸ್ವಲ್ಪ ಉದ್ದ. ದೊಡ್ಡ ಅಲಗು, ಸಣ್ಣ ಅಲಗು, ಕತ್ತರಿ, ಡಬ್ಬಿ ತೆರೆಯೋದು, ಬಾಟಲಿ ತೆರೆಯೋದು, ಬಿರಡೆ ಎಳೆಯೋ ಸುರುಳಿ, ಗೋಣಿಚೀಲ ಹೊಲಿಯೋ ದಬ್ಬಳದಂಥ ಒಂದು ಮೊನೆ, ಒಂದು ಕೊಕ್ಕೆ. ಹಿಡಿಯೊಳಗೆ ಚಿಮಟ, ಹಲ್ಲುಕಡ್ಡಿ. ಇಷ್ಟೇ. ಎಂಟು ವರ್ಷದಿಂದ ಬ್ಯಾಗ್ ಬದಲಾಗಿದೆ, ಫೋನ್ ಮೂರು ಸಲ ಬದಲಾಗಿದೆ, ಕೆಲಸ ಎರಡು ಸಲ. ಚಾಕು ಮಾತ್ರ ಅದೇ.

ನಿಮ್ಮಲ್ಲಿ ಕೆಲವರು ಕೇಳ್ತೀರಿ: ಫೋನೇ ಎಲ್ಲಾ ಮಾಡುತ್ತಲ್ಲ, ಇದ್ಯಾಕೆ? ಫೋನು ಎಲ್ಲಾ ಮಾಡಿಸುತ್ತೆ, ನಿಜ. ಬಾಗಿಲ ಹಿಡಿ ಸಡಿಲವಾದ್ರೆ ಆ್ಯಪ್ ತೆರೆದು ಯಾರನ್ನೋ ಕರೀತೀವಿ. ಅವರು ಬಂದು ಒಂದು ಸ್ಕ್ರೂ ತಿರುಗಿಸಿ, ವಿಸಿಟಿಂಗ್ ಚಾರ್ಜ್ ತಗೊಂಡು ಹೋಗ್ತಾರೆ. ಅವರ ಹೊಟ್ಟೆಪಾಡು, ತಪ್ಪಿಲ್ಲ. ಆದ್ರೆ ಚಾಕು ಕೈಯಲ್ಲಿದ್ದ ಮೇಲೆ ನನ್ನಲ್ಲಿ ಒಂದು ಬದಲಾವಣೆ ಆಯ್ತು. 'ಯಾರನ್ನ ಕರೀಲಿ' ಅನ್ನೋದಕ್ಕಿಂತ ಮೊದಲು 'ಏನಾಗಿದೆ ನೋಡೋಣ' ಅನ್ನಿಸೋಕೆ ಶುರುವಾಯ್ತು. ನೋಡಿದ್ರೆ ಅರ್ಧ ಸಲ ಏನೂ ಆಗಿರಲ್ಲ, ಬರೀ ಒಂದು ಸ್ಕ್ರೂ ಸಡಿಲ. ಡಬ್ಬಿ ತೆರೆಯೋ ಸಾಧನದ ತುದಿ ಇದ್ಯಲ್ಲ, ಅದು ಸಣ್ಣ ಪ್ಲಸ್ ಸ್ಕ್ರೂಗಳಿಗೂ ಕೂರುತ್ತೆ. ಮಕ್ಕಳ ಆಟಿಕೆಯ ಬ್ಯಾಟರಿ ಮುಚ್ಚಳ, ಸ್ವಿಚ್ ಬೋರ್ಡಿನ ಮುಖ (ಮೇನ್ ಆಫ್ ಮಾಡಿ, ದಯವಿಟ್ಟು), ಕುಕ್ಕರಿನ ಹಿಡಿ, ಎಲ್ಲಾ ಅದರಿಂದಲೇ.

ಬಿರಡೆ ಸುರುಳಿ ನಮ್ಮಂಥವರ ಮನೆಯಲ್ಲಿ ದಂಡ ಅಂತ ನಾನೂ ಅಂದ್ಕೊಂಡಿದ್ದೆ. ಗಂಟು ಬಿಚ್ಚೋಕೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ಒದ್ದೆಯಾಗಿ ಬಿಗಿದ ಶೂ ಲೇಸಿನ ಗಂಟಿಗೆ, ಊರಿಂದ ಬಂದ ಅಕ್ಕಿಮೂಟೆಯ ದಾರಕ್ಕೆ ಅದನ್ನ ತೂರಿಸಿ ಮೆಲ್ಲಗೆ ತಿರುವಿದ್ರೆ ಗಂಟು ತಾನಾಗೇ ಸಡಿಲ ಆಗುತ್ತೆ. ಆ ಕೊಕ್ಕೆ ಇರೋದು ಪಾರ್ಸೆಲ್ ಎತ್ತೋಕೆ. ಸಂತೆಯಿಂದ ಬರುವಾಗ ತೆಳು ಹಿಡಿಯ ಚೀಲಗಳು ಬೆರಳು ಕುಯ್ಯುತ್ವಲ್ಲ, ಮೂರೂ ಚೀಲವನ್ನ ಕೊಕ್ಕೆಗೆ ಹಾಕಿ ಚಾಕುವಿನ ಮೈಯನ್ನೇ ಹಿಡಿಯಾಗಿ ಹಿಡ್ಕೊಂಡು ನಡೀರಿ.

ಈ ಚಾಕುವಿನ ಕಥೆಯೂ ಚೆನ್ನಾಗಿದೆ. ಕಾರ್ಲ್ ಎಲ್ಸೆನರ್ ಅನ್ನೋರು 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಕ್ ಎಂಬ ಊರಲ್ಲಿ ಚಾಕು ಮಾಡುವ ಕಾರ್ಖಾನೆ ತೆರೆದರು. ಆಗ ಸ್ವಿಸ್ ಸೈನ್ಯಕ್ಕೆ ಹೊಸ ರೈಫಲ್ ಬಂದಿತ್ತು. ಅದನ್ನ ಬಿಚ್ಚೋಕೆ ಸ್ಕ್ರೂಡ್ರೈವರ್ ಬೇಕು, ಡಬ್ಬಿ ಊಟ ತೆರೆಯೋಕೆ ಓಪನರ್ ಬೇಕು, ಎರಡೂ ಒಂದೇ ಚಾಕುವಿನಲ್ಲಿರಬೇಕು ಅಂತ ಸೈನ್ಯ ಹೇಳಿತು. ತಮಾಷೆ ಅಂದ್ರೆ ಮೊದಲ ಕಂತು ಬಂದಿದ್ದು ಜರ್ಮನಿಯ ಜೋಲಿಂಗೆನ್‌ನಿಂದ. ಎಲ್ಸೆನರ್ ತಮ್ಮ ಚಾಕು ಕೊಡೋಕೆ ಶುರು ಮಾಡಿದ್ದು 1891ರಲ್ಲಿ. ಜರ್ಮನಿಯವರು ಇನ್ನೂ ಅಗ್ಗಕ್ಕೆ ಕೊಡ್ತಿದ್ರು. ಜೊತೆಗಿದ್ದ ಸ್ವಿಸ್ ಕುಶಲಕರ್ಮಿಗಳು ಒಬ್ಬೊಬ್ಬರಾಗಿ ಬಿಟ್ಟುಹೋದರು, ಸಾಲ ಬೆಳೆಯಿತು, ನೆಂಟರಿಷ್ಟರು ಕೈ ಹಿಡಿದರು. 1897ರಲ್ಲಿ ಅವರು ಅಧಿಕಾರಿಗಳಿಗೆ ಅಂತ ಹಗುರವಾದ ಹೊಸ ಚಾಕು ನೋಂದಾಯಿಸಿದರು. ಅದರ ಜಾಣತನ ಇರೋದು ಸ್ಪ್ರಿಂಗಿನಲ್ಲಿ. ಒಂದೇ ಸ್ಪ್ರಿಂಗು ಎರಡೂ ಕಡೆಯ ಸಾಧನಗಳನ್ನ ಒತ್ತಿ ಹಿಡಿಯುತ್ತೆ. ಹೀಗೆ ಎರಡೇ ಸ್ಪ್ರಿಂಗಿನಲ್ಲಿ ಆರು ಸಾಧನ ಕೂತವು. ಸೈನ್ಯ ಇದನ್ನ ಅಧಿಕೃತವಾಗಿ ಕೊಡಲಿಲ್ಲ, ಅಧಿಕಾರಿಗಳೇ ಕೈಯಿಂದ ದುಡ್ಡು ಹಾಕಿ ಕೊಂಡರು.

ಕಂಪನಿಯ ಹೆಸರಲ್ಲಿ ಅಮ್ಮ ಇದ್ದಾರೆ, ಗೊತ್ತಾ? ಎಲ್ಸೆನರ್ ಅವರ ತಾಯಿ ವಿಕ್ಟೋರಿಯಾ. 1909ರಲ್ಲಿ ಅವರು ತೀರಿಕೊಂಡಾಗ ಮಗ ಆ ಹೆಸರನ್ನೇ ಬ್ರ್ಯಾಂಡ್ ಮಾಡಿದರು. 1921ರ ಹೊತ್ತಿಗೆ ತುಕ್ಕು ಹಿಡಿಯದ ಉಕ್ಕು ಬಂತು, ಫ್ರೆಂಚಿನಲ್ಲಿ ಅದಕ್ಕೆ 'ಇನಾಕ್ಸ್'. ಎರಡೂ ಸೇರಿ ವಿಕ್ಟೋರಿನಾಕ್ಸ್. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನಿಕರಿಗೆ ಇದರ ಜರ್ಮನ್ ಹೆಸರು ಬಾಯಿಗೆ ಬರ್ತಿರ್ಲಿಲ್ಲ, 'ಸ್ವಿಸ್ ಆರ್ಮಿ ನೈಫ್' ಅಂದುಬಿಟ್ರು. ಅದೇ ಉಳೀತು.

ಆದ್ರೆ ಈ ಐಡಿಯಾ ಪೂರ್ತಿ ಪರದೇಶದ್ದು ಅಂತ ಒಪ್ಪೋಕೆ ನನಗೆ ಮನಸ್ಸಿಲ್ಲ. ಕೊಡಗಿನ ಪೀಚೆಕತ್ತಿ ನೋಡಿದ್ದೀರಲ್ಲ, ಕುಪ್ಯದ ಮೇಲೆ ಕಟ್ಟಿದ ಚೇಲೆಗೆ ಸಿಕ್ಕಿಸೋದು? ಹಳೇ ಪೀಚೆಕತ್ತಿಗಳ ಒರೆಗೆ ಬೆಳ್ಳಿ ಸರಪಳಿ ಇರುತ್ತೆ. ಕೆಲವದರ ತುದಿಯಲ್ಲಿ ಚಿಮಟ, ಕಿವಿಗುಗ್ಗೆ ತೆಗೆಯೋ ಕಡ್ಡಿ, ಉಗುರು ಶುಚಿ ಮಾಡೋ ಮೊನೆ ಹೀಗೆ ಪುಟ್ಟಪುಟ್ಟ ಸಾಧನಗಳ ಗೊಂಚಲೇ ನೇತಾಡುತ್ತೆ. ಇದನ್ನ ಮಲ್ಟಿಟೂಲ್ ಅನ್ನದೆ ಏನನ್ನೋಣ?

ಈಗ ಆಟಿಕೆ, ಗಂಟು, ಚೀಲ ಎಲ್ಲಾ ಬಿಟ್ಟು ಒಂದು ದಿನದ ಮಾತು ಹೇಳ್ತೀನಿ. ಹೋದ ವರ್ಷ ಮಳೆಗಾಲ. ಸಂಜೆ ಆಫೀಸಿಂದ ಬರ್ತಾ ಇದ್ದೆ. ಸಿಗ್ನಲ್ ಹತ್ತಿರ ಮುಂದಿದ್ದ ಬೈಕು ಗಕ್ಕನೆ ನಿಂತಿತು. ಹಿಂದೆ ಕೂತಿದ್ದ ಹುಡುಗಿಯ ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡಿತ್ತು. ಗಾಡಿ ನಿಧಾನಕ್ಕಿದ್ದಿದ್ದು ಪುಣ್ಯ, ಅವಳು ಬಿದ್ದಿರಲಿಲ್ಲ. ಆದರೆ ಬಟ್ಟೆ ಕುತ್ತಿಗೆಯನ್ನ ಹಿಂದಕ್ಕೆ ಜಗ್ಗಿ ಹಿಡಿದಿತ್ತು, ಮಾತಾಡೋಕೂ ಆಗ್ತಿರ್ಲಿಲ್ಲ. ಓಡಿಬಂದ ಒಬ್ಬರು ಬಟ್ಟೆ ಎಳೀತಿದ್ರು. ಎಳೆದಷ್ಟೂ ಬಿಗಿ. ಇನ್ನೊಬ್ಬರು "ಗಾಡಿ ಹಿಂದಕ್ಕೆ ತಳ್ಳಿ" ಅಂತಿದ್ರು, ಮತ್ತೊಬ್ಬರು "ಮುಂದಕ್ಕೆ" ಅಂತಿದ್ರು. ಮೂರು ಜನ ಫೋನ್ ತೆಗೆದಿದ್ರು.

ಅಂಥ ಹೊತ್ತಲ್ಲಿ ಬೇಕಾದದ್ದು ಅಲಗಲ್ಲ, ಕತ್ತರಿ. ಕುತ್ತಿಗೆ ಹತ್ತಿರ ಅಲಗು ತರೋದೇ ಅಪಾಯ, ಅವಳು ನಡುಗ್ತಿದ್ಲು ಬೇರೆ. ಚಕ್ರದ ಕಡೆ, ಬೆನ್ನ ಹಿಂದೆ, ಬಿಗಿದ ಬಟ್ಟೆಯ ಅಂಚಿಗೆ ಕತ್ತರಿ ಹಾಕಿದೆ. ಪುಟ್ಟ ಕತ್ತರಿ, ಒಂದೇ ಏಟಿಗೆ ಆಗೋದಿಲ್ಲ. ಮಡಿಕೆ ಮಡಿಕೆಯಾಗಿ ಹತ್ತು ಹನ್ನೆರಡು ಸಲ ಕತ್ತರಿಸಬೇಕಾಯ್ತು. ಕೊನೇ ಎಳೆ ಬಿಟ್ಟಾಗ ಅವಳು ಮುಂದಿದ್ದ ಹುಡುಗನ ಬೆನ್ನಿಗೆ ಒರಗಿದ್ಲು. ಫುಟ್‌ಪಾತಲ್ಲಿ ಕೂರಿಸಿ ನೀರು ಕೊಟ್ವಿ. ಕುತ್ತಿಗೆಯಲ್ಲಿ ಕೆಂಪು ಗೆರೆ. ಮೊದಲು ಆಡಿದ ಮಾತು, "ಹೊಸ ದುಪಟ್ಟಾ ಅಕ್ಕಾ." ಆಮೇಲೆ ಜೋರಾಗಿ ಅತ್ತಳು. ಆಸ್ಪತ್ರೆಗೆ ತೋರಿಸ್ಕೊಂಡೇ ಹೋಗಿ ಅಂತ ಆಟೋ ಹತ್ತಿಸಿದೆ. ದುಪಟ್ಟಾ, ಸೆರಗು ಎರಡನ್ನೂ ಗಾಡಿ ಹತ್ತುವ ಮೊದಲೇ ಸುತ್ತಿ ಗಂಟು ಹಾಕೋದು ಚಾಕುವಿಗಿಂತ ಒಳ್ಳೇ ಉಪಾಯ, ಅದನ್ನೂ ಇಲ್ಲೇ ಹೇಳಿಬಿಡ್ತೀನಿ.

ಈ ವಿಷಯ ಆಫೀಸಲ್ಲಿ ಹೇಳಿದಾಗ ಜೊತೆಯ ಹುಡುಗಿಯೊಬ್ಬಳು, "ನಾನೂ ತಗೋತೀನಿ, ರಾತ್ರಿ ಕ್ಯಾಬಲ್ಲಿ ಬರುವಾಗ ಧೈರ್ಯ ಇರುತ್ತೆ" ಅಂದಳು. ಬೇಡ ಅಂದೆ. ಇದನ್ನ ನಾನು ಒತ್ತಿ ಹೇಳಬೇಕು, ಯಾಕಂದ್ರೆ ಮೊದಲ ಚಾಕು ಕೊಳ್ಳುವ ಎಷ್ಟೋ ಜನ ಇದೇ ಲೆಕ್ಕದಲ್ಲಿ ಕೊಳ್ತಾರೆ. ಈ ಅಳತೆಯ ಸ್ವಿಸ್ ಚಾಕುಗಳಿಗೆ ಲಾಕ್ ಇಲ್ಲ. ಅಲಗು ನಿಂತಿರೋದು ಸ್ಪ್ರಿಂಗಿನ ಒತ್ತಡಕ್ಕೆ ಅಷ್ಟೇ. ಚುಚ್ಚೋಕೆ ಹೋದ್ರೆ ಮಡಚಿಕೊಂಡು ನಿಮ್ಮ ಬೆರಳನ್ನೇ ಕುಯ್ಯುತ್ತೆ. ಅದೂ ಬ್ಯಾಗಿನ ತಳದಿಂದ ಹುಡುಕಿ ತೆಗೆದು, ಗೀರಿಗೆ ಉಗುರು ಹಾಕಿ, ಎರಡೂ ಕೈಯಲ್ಲಿ ಬಿಡಿಸೋ ತನಕ ಎದುರಿಗಿರೋನು ಕಾಯ್ತಾನಾ? ಭಯ ಇದ್ದರೆ 112ಕ್ಕೆ ಕರೆ ಮಾಡಿ, ಕೂಗಿ, ಓಡಿ. ಚಾಕು ತೆಗೆದರೆ ಚಿಕ್ಕ ಜಗಳವೂ ದೊಡ್ಡದಾಗುತ್ತೆ, ಆಮೇಲೆ ಠಾಣೆಯಲ್ಲಿ ಉತ್ತರ ಕೊಡಬೇಕಾದವರು ನೀವು. ಅವಳು ಮುಖ ಸಣ್ಣ ಮಾಡಿಕೊಂಡಳು. ಇರ್ಲಿ.

ಕಾನೂನು ಏನನ್ನುತ್ತೆ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ನಮ್ಮ ಆಯುಧ ನಿಯಮಗಳ ಪಟ್ಟಿಯಲ್ಲಿ ಬರೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು. ಅದರಲ್ಲೂ ಮನೆಗೆಲಸ, ಬೇಸಾಯದ್ದಕ್ಕೆ ವಿನಾಯಿತಿ ಇದೆ. ನಮ್ಮ ಪುಟ್ಟ ಚಾಕು ಆ ಅಳತೆಯ ಹತ್ತಿರಕ್ಕೂ ಬರಲ್ಲ. ಹಾಗಂತ ಎಲ್ಲಾ ಕಡೆ ನಡೆಯುತ್ತೆ ಅಂತಲ್ಲ. ನಿಷೇಧಾಜ್ಞೆ ಇರುವಾಗ ಹರಿತವಾದ್ದೇನೂ ಒಯ್ಯಬಾರದು ಅಂತ ಆದೇಶದಲ್ಲೇ ಬರೆದಿರ್ತಾರೆ. ಮೆಟ್ರೋ, ಮಾಲು, ಕೋರ್ಟು, ಮತ ಎಣಿಕೆ ಕೇಂದ್ರ, ಸ್ಟೇಡಿಯಂ, ಎಲ್ಲೆಲ್ಲಿ ಬ್ಯಾಗ್ ಸ್ಕ್ಯಾನ್ ಆಗುತ್ತೋ ಅಲ್ಲೆಲ್ಲಾ ಮನೆಯಲ್ಲೇ ಬಿಟ್ಟು ಹೋಗೋದು ವಾಸಿ. ಸೆಕ್ಯುರಿಟಿಯವರ ಜೊತೆ "ಇದು ಬರೀ ಹಣ್ಣು ಕುಯ್ಯೋಕೆ ಸಾರ್" ಅಂತ ವಾದಕ್ಕೆ ನಿಲ್ಲಬೇಡಿ. ಹಿಂದೆ ಐವತ್ತು ಜನ ನಿಂತಿರ್ತಾರೆ.

ವಿಮಾನದಲ್ಲಂತೂ ಕೈಚೀಲಕ್ಕೆ ಖಂಡಿತ ಇಲ್ಲ. ಚೆಕ್‌ಇನ್ ಬ್ಯಾಗಿಗೆ ಹಾಕಿ. ಬರೀ ಕೈಚೀಲದಲ್ಲಿ ಹೋಗ್ತಿದ್ರೆ ಹಿಂದಿನ ರಾತ್ರಿಯೇ ತೆಗೆದು ದೇವರ ಮನೆಯಲ್ಲೋ ಮೇಜಿನ ಖಾನೆಯಲ್ಲೋ ಇಡಿ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನಗಳಲ್ಲಿ ಚಾಕು ನಿಷೇಧ ಬಂತಲ್ಲ, ವಿಮಾನ ನಿಲ್ದಾಣದ ಅಂಗಡಿಗಳಲ್ಲೇ ಚಾಕು ಮಾರುತ್ತಿದ್ದ ಆ ಕಂಪನಿಗೆ ದೊಡ್ಡ ಹೊಡೆತ ಬಿತ್ತು. ಆಗಲೂ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ, ಕೆಲವು ಕೆಲಸಗಾರರನ್ನ ಸುತ್ತಲಿನ ಬೇರೆ ಕಂಪನಿಗಳಿಗೆ ತಾತ್ಕಾಲಿಕವಾಗಿ ಕಳಿಸಿಕೊಟ್ಟರು. ಲೇಆಫ್ ಮೇಲ್‌ಗಳ ಈ ಕಾಲದಲ್ಲಿ ಓದೋಕೆ ವಿಚಿತ್ರ ಅನ್ನಿಸುತ್ತೆ. 2024ರಲ್ಲಿ ಅವರೇ, ಅಲಗೇ ಇಲ್ಲದ ಪಾಕೆಟ್ ಟೂಲ್ ಮಾಡ್ತಿದ್ದೀವಿ ಅಂತಲೂ ಹೇಳಿದರು.

ಕೊಳ್ಳೋದಾದ್ರೆ ಯಾವುದು? ಒಂದೇ ಒಂದು, ಸಣ್ಣದು. ನನ್ನ ಚಿಕ್ಕಪ್ಪನ ಮಗನ ಹತ್ರ ಐದಿವೆ, ಜೊತೆಗೆ ಇಕ್ಕಳ ಇರುವ ಅಮೆರಿಕದ ಲೆದರ್‌ಮ್ಯಾನ್ ಬೇರೆ. ಎಲ್ಲವೂ ಬೀರುವಿನಲ್ಲಿ ಥಳಥಳ ಅಂತಿವೆ. ಪಾರ್ಸೆಲ್ ಬಂದ್ರೆ ಅವನು ಸ್ಕೂಟರ್ ಕೀಲಿಯಿಂದ ಟೇಪ್ ಹರೀತಾನೆ. ವೆಂಗರ್ ಅನ್ನೋ ಇನ್ನೊಂದು ಸ್ವಿಸ್ ಕಂಪನಿ ಒಮ್ಮೆ 87 ಸಾಧನಗಳ ರಾಕ್ಷಸ ಚಾಕು ಮಾಡಿತ್ತು. ತೂಕ ಒಂದು ಕಿಲೋಗೂ ಜಾಸ್ತಿ, ಯಾವ ಜೇಬಿಗೂ ಹಿಡಿಯಲ್ಲ. ಬೇಕಾದಾಗ ಕೈಯಲ್ಲಿರೋದೇ ಇದರ ಕೆಲಸ. ಹಾಗಾಗಿ ಮೊದಲ ಸಲದವರಿಗೆ ಕೀಲಿಗೊಂಚಲಿಗೆ ಸೇರುವ 58 ಮಿಲಿಮೀಟರಿನದೇ ಸಾಕು. ಪುಟ್ಟ ಅಲಗು, ಕತ್ತರಿ, ಉಗುರು ಉಜ್ಜೋದು, ಚಿಮಟ, ಹಲ್ಲುಕಡ್ಡಿ ಇರುತ್ತೆ. ನಕಲಿ ಮಾಲು ಬೇಕಾದಷ್ಟಿದೆ, ಕತ್ತರಿ ಎರಡು ಸಲ ಆಡಿಸಿ ನೋಡಿ, ಸ್ಪ್ರಿಂಗು ಗಟ್ಟಿಯಾಗಿ 'ಟಕ್' ಅನ್ನಬೇಕು.

ನೋಡಿಕೊಳ್ಳೋದೂ ಸುಲಭ. ಮಾವಿನಹಣ್ಣು ಕುಯ್ದ ಮೇಲೆ ಹಾಗೇ ಮಡಚಿದ್ರೆ ಅಂಟಿಕೊಂಡು ಇರುವೆ ಬರುತ್ತೆ. ಬಿಸಿನೀರಲ್ಲಿ ಎಲ್ಲಾ ಬಿಡಿಸಿ ಆಡಿಸಿ ತೊಳೆದು, ಚೆನ್ನಾಗಿ ಒಣಗಿಸಿ. ಕೊಬ್ಬರಿ ಎಣ್ಣೆ ಹಾಕಬೇಡಿ, ಕೆಲವು ದಿನಕ್ಕೆ ಜಿಗುಟಾಗುತ್ತೆ. ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಕೀಲಿನ ಹತ್ತಿರ ಮಾತ್ರ. ಹಣ್ಣು ಕುಯ್ಯೋ ಅಲಗಿಗೆ ತಾಗಿದ್ರೆ ಸೋಪು ಹಾಕಿ ತೊಳೀರಿ. ನಾನು ಇದನ್ನ ಆಯುಧ ಪೂಜೆಗೆ ಒಂದು ಸಲ, ಯುಗಾದಿ ಹೊತ್ತಿಗೆ ಒಂದು ಸಲ ಮಾಡ್ತೀನಿ. ಪೂಜೆ ದಿನ ಸ್ಕೂಟರು, ಲ್ಯಾಪ್‌ಟಾಪಿನ ಪಕ್ಕದಲ್ಲಿ ಇದಕ್ಕೂ ಒಂದು ಬೊಟ್ಟು ಕುಂಕುಮ. ಹಲ್ಲುಕಡ್ಡಿ ಯಾವಾಗಲೋ ಕಳೆದುಹೋಗಿದೆ. ಬಿಡಿಯಾಗಿ ಸಿಗುತ್ತೆ, ಈ ಸಲ ತರಿಸಬೇಕು.