ಒಂಟಿ ನಾವಿಕನಿಗೆ ಜೋಡುದೋಣಿ

ಊರಿಗೆ ಮರಳಿದೊಡನೆ ಹಾಯಿಯ ಜೋಡುದೋಣಿಯೊಂದನ್ನು ಕೊಳ್ಳಬೇಕೆಂಬ ಹಂಬಲವನ್ನು ದಿಲ್ಲಿಯ ನಮ್ಮ ತರುಣ ಬಂಧುಗಳಿಂದ ಕೇಳಿದಾಗ ನಮಗೆ ಸಂತೋಷವೇ ಆಗುತ್ತದೆ. ಓಖ್ಲಾದಲ್ಲಿ ನೊರೆ ಹೊತ್ತ ಯಮುನೆಯನ್ನು ನೋಡಿ ಬೇಸತ್ತವರಿಗೆ ಗಂಗೊಳ್ಳಿಯ ಅಳಿವೆ ನೆನಪಾಗುವುದು ಸಹಜ. ಸೇತುವೆಗಳಿಲ್ಲದ ಕಾಲದಲ್ಲಿ ಎರಡು ದೋಣಿಗಳನ್ನು ಬಿಗಿದು ಕಾರುಗಳನ್ನೂ ದಾಟಿಸಿದ ಜಂಗಲಿನ ನಾಡಿನವರಲ್ಲವೇ ನಾವು!

ಆದರೆ ಒಬ್ಬನೇ ನಡೆಸುವ ದೋಣಿಯನ್ನು ಉದ್ದ, ಹೊಳಪುಗಳನ್ನು ಕಂಡು ಆರಿಸುವುದು ನಮಗೆ ಸಮ್ಮತವಲ್ಲ. ಅಭಿಲಾಷ್ ಟಾಮಿಯವರು 2013ರಲ್ಲಿ ಏಕಾಂಗಿಯಾಗಿ, ಎಲ್ಲಿಯೂ ತಂಗದೆ ಭೂಪ್ರದಕ್ಷಿಣೆ ಮುಗಿಸಿದ 'ಮ್ಹಾದೈ' ಒಂಟಿ ಒಡಲಿನ ನೌಕೆ. ವಾಲಿದರೆ ಅದನ್ನು ಮೇಲೆತ್ತಲು ಅಡಿಯಲ್ಲಿ ಭಾರವಿದೆ. ಚಿಕ್ಕ ಜೋಡುದೋಣಿಗೆ ಆ ಭಾರವಿಲ್ಲ. ಅಗಲವೇ ಅದರ ಬಲ. ಒಮ್ಮೆ ಬೋರಲಾಯಿತೋ, ಅದೇ ಅಗಲವು ಅದನ್ನು ಬೋರಲಾಗಿಯೇ ಹಿಡಿದಿಡುತ್ತದೆ. ಆಗ ಹಗ್ಗ ಹಿಡಿದು ಹಿಂದಕ್ಕೆ ವಾಲಿ, ಮೈಭಾರದಿಂದಲೇ ಎತ್ತಬೇಕು. 1968ರಲ್ಲಿ ಬಂದ ಹೋಬಿ 14 ಒಂದೇ ಹಾಯಿಯದು, ಒಬ್ಬನಿಗೆ ಸಾಕು. ಹೋಬಿ 16ಕ್ಕೆ ಎರಡು ಹಾಯಿ, ತೂಕ ಸುಮಾರು 145 ಕಿಲೋ. ಬಡಕಲು ಮೈಯ ನಮ್ಮವರೊಬ್ಬರಿಗೆ ಅದು ಏಳದು.

ವರ್ಷಗಟ್ಟಲೆ ಕೂಡಿಟ್ಟ ಸಂಬಳ ನಿಮ್ಮದು, ಪ್ರಾಣವೂ ನಿಮ್ಮದು. ಹಳೆಯದಾದರೂ ಚಿಕ್ಕದನ್ನೇ ಕೊಳ್ಳಿರಿ. ಹಣ ಕೊಡುವ ಮುನ್ನ ತೇಲುಕವಚ ಧರಿಸಿ, ಬಲ್ಲವರನ್ನು ಬಳಿಯಲ್ಲಿಟ್ಟುಕೊಂಡು, ಶಾಂತ ನೀರಿನಲ್ಲಿ ಬೇಕೆಂದೇ ಮಗುಚಿ, ಒಬ್ಬರೇ ಎತ್ತಿ ನೋಡಿರಿ. ಮಾರುವವನು ಒಪ್ಪದಿದ್ದರೆ ಹೋಗುವುದು ರೈಲು ಟಿಕೆಟ್ಟಿನ ಹಣ ಮಾತ್ರ.