ಖಾಲಿ ಹಾಲ್‌ನ ಮ್ಯಾಪ್ ನಮಗೆ ಸಾಲದು



ರಾಜ್ಯೋತ್ಸವ ಹತ್ತಿರ ಬಂತು. ಊಟ, ನಾಟಕ, ಮಕ್ಕಳ ಡ್ಯಾನ್ಸ್ ಎಲ್ಲದಕ್ಕೂ ನಮ್ಮಲ್ಲಿ ಒಂದೊಂದು ಸಮಿತಿ ಇದೆ. ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಹೊರಗೆ ಹೋಗಬೇಕು ಎಂದು ಹೇಳುವವರು ಮಾತ್ರ ಯಾರೂ ಇಲ್ಲ. ಅಪಶಕುನ ನುಡಿಯುತ್ತಿದ್ದಾನೆ ಎಂದುಕೊಳ್ಳಬೇಡಿ.

"ಗೋಡೆ ಮೇಲೆ ಮ್ಯಾಪ್ ಇದೆಯಲ್ಲ" ಎನ್ನುತ್ತೀರಿ. ಇದೆ, ಆದರೆ ಅದು ಖಾಲಿ ಹಾಲ್‌ನದು. ನಾವು ಹೋದ ಮೇಲೆ ಒಂದು ಬಾಗಿಲಿಗೆ ಸೀರೆ ಸ್ಟಾಲ್ ಅಡ್ಡ, ಇನ್ನೊಂದಕ್ಕೆ ಊಟದ ಟೇಬಲ್ ಅಡ್ಡ, ಮತ್ತೊಂದರ ಮುಂದೆ ಸ್ಟ್ರೋಲರ್‌ಗಳ ಸಾಲು. ಕೋಡ್ ಬದಲಾಯಿಸಿ ಹಳೇ ಡಾಕ್ಯುಮೆಂಟ್ ನಂಬಿ ಕೂತ ಹಾಗೆ ಇದು.

ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತರು. ಬಾಲ್ಕನಿಯಲ್ಲಿ ಹೆಚ್ಚುವರಿ ಸೀಟು ಹಾಕಿ ಬಲಗಡೆಯ ದಾರಿಯನ್ನೇ ಮುಚ್ಚಿದ್ದರು. ಇಲ್ಲಿ ಅಮೆರಿಕದಲ್ಲೇ, ರೋಡ್ ಐಲೆಂಡ್‌ನ 'ದಿ ಸ್ಟೇಷನ್' ನೈಟ್‌ಕ್ಲಬ್‌ನಲ್ಲಿ 2003ರ ಫೆಬ್ರವರಿ 20ರಂದು ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಯ ಫೋಮ್‌ಗೆ ತಾಗಿ 100 ಜನ ತೀರಿಕೊಂಡರು. ಬೇರೆ ಬಾಗಿಲುಗಳೂ ಇದ್ದವು. ಆದರೂ ಹೆಚ್ಚಿನವರು ತಾವು ಒಳಗೆ ಬಂದ ಮುಂಬಾಗಿಲಿಗೇ ನುಗ್ಗಿದರು. ಹಲವರು ಅಲ್ಲೇ ಸಿಕ್ಕಿಬಿದ್ದರು. ಗಾಬರಿಯಲ್ಲಿ ಮನುಷ್ಯ ಗೊತ್ತಿರುವ ದಾರಿಯನ್ನೇ ಹಿಡಿಯುತ್ತಾನೆ.

ಆದ್ದರಿಂದ ಪ್ರತಿ ಕಾರ್ಯಕ್ರಮಕ್ಕೂ ನಾವೇ ಒಂದು ನಕ್ಷೆ ಬರೆಯಬೇಕು ಎಂಬುದು ನನ್ನ ವಾದ. ಮೊದಲು ಬಾಗಿಲುಗಳನ್ನು ಒಂದೊಂದಾಗಿ ತಳ್ಳಿ ನೋಡಿ, ತೆರೆಯುವುದನ್ನು ಮಾತ್ರ ಗುರುತು ಮಾಡಬೇಕು. ಆಮೇಲೆ ದಾರಿ ಬಿಟ್ಟು ಕುರ್ಚಿ, ಸ್ಟಾಲ್ ಹಾಕಬೇಕು. ದಾರಿಗೆ ಹಸಿರು, ಬೆಂಕಿ ಆರಿಸುವ ಸಿಲಿಂಡರಿಗೆ ಕೆಂಪು. "ನೀವು ಇಲ್ಲಿದ್ದೀರಿ" ಎಂಬ ಗುರುತು ಇರಲೇಬೇಕು. ಓದುವವರ ಎದುರಿಗಿರುವುದು ನಕ್ಷೆಯಲ್ಲಿ ಮೇಲ್ಗಡೆ ಬರಬೇಕು. ಹಾಗಾಗಿ ಒಂದೇ ಜೆರಾಕ್ಸ್ ಪ್ರತಿಯನ್ನು ನಾಲ್ಕೂ ಗೋಡೆಗೆ ಅಂಟಿಸಿದರೆ ಎಡ ಬಲ ತಿರುಗುಮುರುಗಾಗುತ್ತದೆ. ಹೊರಗೆ ಬಂದವರು ಸೇರುವ ಜಾಗ, ಪಾರ್ಕಿಂಗ್ ಲಾಟಿನ ಒಂದು ಮೂಲೆ, ಅದನ್ನೂ ತೋರಿಸಬೇಕು.

ಇದೆಲ್ಲ ಕನ್ನಡದಲ್ಲಿರಲಿ. ಊರಿಂದ ಆರು ತಿಂಗಳಿಗೆ ಬಂದ ಅಪ್ಪ ಅಮ್ಮಂದಿರು ಮುಂದಿನ ಸಾಲಿನಲ್ಲೇ, ಅಂದರೆ ಮುಂಬಾಗಿಲಿಗೆ ಎಲ್ಲರಿಗಿಂತ ದೂರದಲ್ಲಿ ಕೂತಿರುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ಬೋರ್ಡ್ ಓದಲು ಬಾರದು. ದೀಪ ಬೆಳಗುವ ಮುಂಚೆ ನಿರೂಪಕರು ಅರ್ಧ ನಿಮಿಷ ಬಾಗಿಲುಗಳನ್ನು ತೋರಿಸಿ ಹೇಳಿದರೆ ಸಾಕು.

"ಜನ ಹೆದರುತ್ತಾರೆ" ಎನ್ನುವವರಿಗೆ ಒಂದು ಮಾತು: ವಿಮಾನದಲ್ಲಿ ಪ್ರತಿ ಸಲವೂ ಬಾಗಿಲು ತೋರಿಸುತ್ತಾರೆ, ಯಾರೂ ಹೆದರಿ ಇಳಿದು ಹೋಗುವುದಿಲ್ಲ. "ಎರಡು ಸ್ಟಾಲ್ ಬಾಡಿಗೆ ಹೋಗುತ್ತದೆ" ಎನ್ನುವ ಖಜಾಂಚಿಗಳ ಸಂಕಟ ನಿಜ. ಆ ಹಣವನ್ನು ಟಿಕೆಟ್‌ಗೆ ಒಂದೆರಡು ಡಾಲರ್ ಸೇರಿಸಿ ತುಂಬಿಕೊಳ್ಳೋಣ. ಬಾಗಿಲನ್ನು ಬಾಡಿಗೆಗೆ ಕೊಡುವುದು ಬೇಡ.

ಈ ಸಲದ ನಕ್ಷೆ ನಾನು ಬರೆಯುತ್ತೇನೆ. ಹಿಂದಿನ ಸಂಜೆ ಟೇಪ್ ಹಿಡಿಯಲು ಇಬ್ಬರು ಬೇಕು. ಬರುವವರು ಈ ಈಮೇಲ್‌ಗೆ ಉತ್ತರ ಬರೆಯಿರಿ.